ಹುಡುಕು ಗುಂಡಿ ಒತ್ತಿದ ಮೇಲೆ

ಗ್ರಂಥಾಲಯದ ಕಂಪ್ಯೂಟರಿನಲ್ಲಿ ‘ಹಕ್ಕಿ’ ಎಂದು ಟೈಪ್ ಮಾಡಿ ಗುಂಡಿ ಒತ್ತುತ್ತೀರಿ. ಯಾವ ಯಾವ ಪುಸ್ತಕಗಳಿವೆ, ಯಾವುದನ್ನು ಯಾರು ಒಯ್ದಿದ್ದಾರೆ ಎಂಬುದೆಲ್ಲ ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಪರದೆಗೆ ಬರುತ್ತದೆ. ನಿಮ್ಮೆದುರಿನ ಪ್ರೋಗ್ರಾಮಿಗೆ ಇದೆಲ್ಲ ಬಾಯಿಪಾಠ ಅಂದುಕೊಂಡಿರಾ? ಅದಕ್ಕೆ ಒಂದು ಪುಸ್ತಕದ ಹೆಸರೂ ಗೊತ್ತಿಲ್ಲ! ಗೊತ್ತಿರುವುದು ಮಾಹಿತಿಯನ್ನು ಜೋಡಿಸಿಡುವ ಡೇಟಾಬೇಸಿಗೆ. ಅದು ಪಕ್ಕದ ಕೋಣೆಯಲ್ಲಿರಬಹುದು, ದೂರದ ಊರಿನಲ್ಲೂ ಇರಬಹುದು.

ಇಂಥ ಡೇಟಾಬೇಸ್ ಎಲ್ಲವನ್ನೂ ಕೋಷ್ಟಕಗಳಲ್ಲಿ ಇಡುತ್ತದೆ. ಪುಸ್ತಕಗಳಿಗೆ ಒಂದು ಕೋಷ್ಟಕ, ಓದುಗರಿಗೆ ಇನ್ನೊಂದು. ಪ್ರತಿ ಪುಸ್ತಕಕ್ಕೂ ಪ್ರತಿ ಓದುಗರಿಗೂ ಒಂದೊಂದು ಸಂಖ್ಯೆ. ಮೂರನೆಯ ಕೋಷ್ಟಕದಲ್ಲಿ ‘ಪುಸ್ತಕ 212, ಓದುಗ 45’ ಎಂದಷ್ಟೇ ಬರೆದರೆ ಸಾಕು, ಯಾರು ಏನು ಒಯ್ದರೆಂದು ತಿಳಿಯುತ್ತದೆ. ಓದುಗ 45 ಮನೆ ಬದಲಿಸಿದರೆ ವಿಳಾಸವನ್ನು ಒಂದೇ ಕಡೆ ತಿದ್ದಿದರಾಯಿತು. ಹೀಗೆ ಕೋಷ್ಟಕಗಳಲ್ಲಿ ಇಡುವ ವಿಧಾನವನ್ನು 1970ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದವರು ಐಬಿಎಂ ಕಂಪನಿಯ ಗಣಿತಜ್ಞ ಎಡ್ಗರ್ ಕಾಡ್. ಇಷ್ಟು ಸರಳವಾದ, ಇಷ್ಟು ಚೆಂದದ ವಿಚಾರಗಳು ಕಂಪ್ಯೂಟರ್ ಲೋಕದಲ್ಲಿ ಬಹಳ ಇಲ್ಲ.

ಈಗ ಪ್ರೋಗ್ರಾಮು ಡೇಟಾಬೇಸನ್ನು ಮಾತಾಡಿಸಬೇಕು. ಮೊದಲು ಅದಿರುವ ಕಂಪ್ಯೂಟರಿನ ವಿಳಾಸ ಬೇಕು. ಅಲ್ಲಿ ಯಾವ ಬಾಗಿಲು ತಟ್ಟಬೇಕೆಂದೂ ತಿಳಿದಿರಬೇಕು. ಈ ಬಾಗಿಲಿಗೆ ಪೋರ್ಟ್ ಎನ್ನುತ್ತಾರೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಮಾನ್ಯವಾಗಿ 5432ನೇ ಪೋರ್ಟಿನಲ್ಲಿ ಕಾಯುತ್ತದೆ, ಮೈಎಸ್‌ಕ್ಯೂಎಲ್ 3306ರಲ್ಲಿ. ಬಳಕೆದಾರರ ಹೆಸರು, ಪಾಸ್‌ವರ್ಡ್ ಸರಿಯಿದ್ದರೆ ಒಳಗೆ ಪ್ರವೇಶ. ಈ ಮಾತುಕತೆಯ ನಿಯಮಗಳು ಒಂದೊಂದು ಡೇಟಾಬೇಸಿಗೂ ಬೇರೆ ಬೇರೆ. ಅವನ್ನು ಬಲ್ಲ ಪುಟ್ಟ ತಂತ್ರಾಂಶವೇ ಡ್ರೈವರ್. ಪ್ರೋಗ್ರಾಮಿನ ಪರವಾಗಿ ಮಾತಾಡುವುದು ಅದೇ.

ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್. ‘ಹೆಸರಿನಲ್ಲಿ ಇಂಥ ಪದವಿರುವ ಪುಸ್ತಕಗಳನ್ನು ಕೊಡು’ ಎಂದರೆ ಸಾಕು. ಹೇಗೆ ಹುಡುಕಬೇಕೆಂದು ಹೇಳಿಕೊಡಬೇಕಿಲ್ಲ, ದಾರಿಯನ್ನು ಡೇಟಾಬೇಸೇ ಕಂಡುಕೊಳ್ಳುತ್ತದೆ. ಆದರೆ ನೀವು ಟೈಪ್ ಮಾಡಿದ್ದನ್ನು ಪ್ರಶ್ನೆಯೊಳಗೆ ನೇರವಾಗಿ ಅಂಟಿಸಬಾರದು. ಯಾರೋ ಕಿಡಿಗೇಡಿ ‘ಹಕ್ಕಿ’ಯ ಬದಲು ‘ಎಲ್ಲವನ್ನೂ ಅಳಿಸು’ ಎಂಬ ಎಸ್‌ಕ್ಯೂಎಲ್ ಆಜ್ಞೆಯನ್ನೇ ತೂರಿಸಿದರೆ? ಅದಕ್ಕೇ ಜಾಣ ಪ್ರೋಗ್ರಾಮರ್‌ಗಳು ಪ್ರಶ್ನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟು, ಪದವನ್ನು ಬೇರೆಯಾಗಿ ಕಳಿಸುತ್ತಾರೆ. ಆಗ ಡೇಟಾಬೇಸ್ ಅದನ್ನು ಬರೀ ಪದವೆಂದೇ ಓದುತ್ತದೆ, ಆಜ್ಞೆಯೆಂದು ಪಾಲಿಸುವುದಿಲ್ಲ.

ಪ್ರತಿ ಸಲವೂ ಹೊಸ ಸಂಪರ್ಕ ತೆರೆಯಲು ಸಮಯ ಹಿಡಿಯುತ್ತದೆ. ಒಂದೇ ಹೊತ್ತಿಗೆ ಎಷ್ಟು ಸಂಪರ್ಕ ಇರಬಹುದೆಂಬುದಕ್ಕೂ ಮಿತಿಯುಂಟು: ಪೋಸ್ಟ್‌ಗ್ರೆಸ್‌ನಲ್ಲಿ ನಾವು ಬದಲಿಸದಿದ್ದರೆ ಅದು 100. ಆದ್ದರಿಂದ ದೊಡ್ಡ ಪ್ರೋಗ್ರಾಮುಗಳು ಕೆಲವು ಸಂಪರ್ಕಗಳನ್ನು ತೆರೆದೇ ಇಟ್ಟುಕೊಂಡು, ಸರದಿಯ ಮೇಲೆ ಬಳಸುತ್ತವೆ.

ನೀವೂ ಮಾಡಿ ನೋಡಬೇಕೆ? ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೆ ಎಸ್‌ಕ್ಯೂಲೈಟ್ ಎಂಬ ಪುಟಾಣಿ ಡೇಟಾಬೇಸ್ ಬರುತ್ತದೆ. ಅದಕ್ಕೆ ಪೋರ್ಟೂ ಬೇಡ, ಪಾಸ್‌ವರ್ಡೂ ಬೇಡ, ಇಡೀ ಡೇಟಾಬೇಸ್ ಒಂದೇ ಕಡತದಲ್ಲಿ ಇರುತ್ತದೆ. ನಿಮ್ಮ ಮನೆಯ ಪುಸ್ತಕಗಳಿಗೊಂದು ಕೋಷ್ಟಕ, ಅವನ್ನು ಎರವಲು ಒಯ್ದ ಗೆಳೆಯರಿಗೊಂದು ಕೋಷ್ಟಕ ಮಾಡಿ, ಸಂಖ್ಯೆಗಳಿಂದ ಎರಡನ್ನೂ ಜೋಡಿಸಿ ನೋಡಿ.