‘ಗಿವ್ ಅಪ್’ ಎಂಬ ಎರಡು ಪದಗಳು ಮತ್ತು ನಮ್ಮ ಮಕ್ಕಳು

(ಮೋತಿ ಡೊಂಗರ್‌ನ ಪಾಲಕರ ಸಭೆಯಲ್ಲಿ ಕನ್ನಡ ಶಾಲೆಯ ಶಿಕ್ಷಕರೊಬ್ಬರು ಮಾಡಿದ ಭಾಷಣ)



ದುಡಿಮೆಗಾಗಿ ಉತ್ತರ ಕರ್ನಾಟಕದ ಊರುಗಳಿಂದ ಮಡಗಾಂವಿಗೆ ಬಂದು ಈ ಗುಡ್ಡದ ಮೇಲೆ ಮನೆ ಮಾಡಿಕೊಂಡವರು ನೀವು. “ಕನ್ನಡ ಸಾಲಿಗೆ ಹಾಕಿದ್ರ ಹುಡುಗರಿಗೆ ಇಂಗ್ಲಿಷ್ ಬರ್ತದೇನ್ರೀ ಸರ?” ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಒಂದೇ ಒಂದು ಇಂಗ್ಲಿಷ್ ಕ್ರಿಯಾಪದವನ್ನು ಹಿಡಿದು ಇದಕ್ಕೆ ಉತ್ತರ ಹೇಳುತ್ತೇನೆ.

‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಆದರೆ ‘ಗಿವ್ ಅಪ್’ ಎಂದರೆ ‘ಮೇಲೆ ಕೊಡು’ ಅಲ್ಲ. ಎರಡೂ ಸೇರಿದಾಗ ಬೇರೆಯೇ ಅರ್ಥ ಬರುತ್ತದೆ. ಇಂಥ ಪದಗಳಿಗೆ ಇಂಗ್ಲಿಷಿನಲ್ಲಿ ‘ಫ್ರೇಸಲ್ ವರ್ಬ್’ ಎನ್ನುತ್ತಾರೆ.

‘ಹಿ ಗೇವ್ ಅಪ್ ಸ್ಮೋಕಿಂಗ್’ ಎಂದರೆ ಅವನು ಬೀಡಿ, ಸಿಗರೇಟು ಸೇದುವುದನ್ನು ಬಿಟ್ಟ. ‘ಶಿ ಗೇವ್ ಅಪ್ ಹರ್ ಸೀಟ್’ ಎಂದರೆ, ಕದಂಬ ಬಸ್ಸಿನಲ್ಲಿ ಅಜ್ಜಿಗೆ ಎದ್ದು ಜಾಗ ಕೊಡುತ್ತಾರಲ್ಲ, ಹಾಗೆ ತನ್ನ ಜಾಗ ಬಿಟ್ಟುಕೊಟ್ಟಳು. ‘ದ ಥೀಫ್ ಗೇವ್ ಹಿಮ್‌ಸೆಲ್ಫ್ ಅಪ್’ ಎಂದರೆ ಕಳ್ಳ ತಾನಾಗಿ ಶರಣಾದ. ‘ಡೋಂಟ್ ಗಿವ್ ಅಪ್’ ಎಂದರೆ ಕೈಚೆಲ್ಲಬೇಡ. ಪದ ಒಂದೇ, ಅರ್ಥ ನಾಲ್ಕು. ಸಂದರ್ಭ ತಿಳಿಯದೆ ಬರೀ ಬಾಯಿಪಾಠ ಮಾಡಿದ ಮಗು, ಅದು ಯಾವ ಮಾಧ್ಯಮದ್ದೇ ಇರಲಿ, ಇಲ್ಲಿ ಎಡವುತ್ತದೆ.

ಈಗ ನಮ್ಮ ಮಾತನ್ನು ನೋಡಿರಿ. ಹೇಳು, ಹೇಳಿಕೊಡು, ಹೇಳಿಕೊಳ್ಳು, ಹೇಳಿಬಿಡು. ಪಾಠ ಹೇಳಿಕೊಡುತ್ತೇವೆ, ಕಷ್ಟ ಹೇಳಿಕೊಳ್ಳುತ್ತೇವೆ, ತಡೆಯಲಾರದೆ ಗುಟ್ಟು ಹೇಳಿಬಿಡುತ್ತೇವೆ. ಒಂದು ಕ್ರಿಯಾಪದಕ್ಕೆ ಇನ್ನೊಂದು ಪದ ಕೂಡಿದರೆ ಅರ್ಥ ಬದಲಾಗುತ್ತದೆಂಬುದನ್ನು ನಿಮ್ಮ ಮಕ್ಕಳು ಶಾಲೆಗೆ ಬರುವ ಮೊದಲೇ ನಿಮ್ಮಿಂದ ಕಲಿತಿರುತ್ತಾರೆ. ಎರಡು ಭಾಷೆಗಳ ರೀತಿ ಪೂರ್ತಿ ಒಂದೇ ಅಲ್ಲ. ಆದರೂ ಈ ತಿಳಿವಳಿಕೆ ಇದ್ದ ಮಗುವಿಗೆ ‘ಗಿವ್ ಅಪ್’ ವಿವರಿಸುವುದು ಸುಲಭ. ಕನ್ನಡವೇ ಗಟ್ಟಿಯಾಗದ ಮಗುವಿಗೆ ಯಾವುದರ ಮೂಲಕ ವಿವರಿಸೋಣ?

ಎರಡು ನಿಯಮಗಳನ್ನು ಮಕ್ಕಳು ನೆನಪಿಡಬೇಕು. ‘ಗಿವ್ ಅಪ್ ಸ್ಮೋಕಿಂಗ್’ ಸರಿ, ‘ಗಿವ್ ಅಪ್ ಟು ಸ್ಮೋಕ್’ ತಪ್ಪು. ‘ಅದನ್ನು’ ಎಂಬರ್ಥದ ‘ಇಟ್’ ಬಂದರೆ ಅದು ನಡುವೆ ಕೂಡಬೇಕು: ‘ಗಿವ್ ಇಟ್ ಅಪ್’. ನಿಘಂಟಿನಲ್ಲಿ ‘ಗಿವ್’ ಪದದ ಮೊದಲ ಅರ್ಥಕ್ಕೇ ನಿಲ್ಲದೆ, ಮುಂದೆ ‘ಗಿವ್ ಅಪ್’ ಎಂದು ಬೇರೆಯಾಗಿ ಕೊಟ್ಟಿರುವುದನ್ನು ನೋಡಬೇಕು.

ಓದು ಬಾರದ ತಾಯಿ-ತಂದೆಯೂ ಸಹಾಯ ಮಾಡಬಹುದು. ಮಗು ಇಂಗ್ಲಿಷ್ ವಾಕ್ಯ ಓದಿದಾಗ, “ಇದರಾಗ ಯಾರು ಏನ್ ಬಿಟ್ರು? ಯಾರಿಗೆ ಬಿಟ್ಟುಕೊಟ್ರು?” ಎಂದು ಕೇಳಿರಿ. ಕನ್ನಡದಲ್ಲಿ ಸರಿಯಾಗಿ ಹೇಳಿದರೆ ಮಗುವಿಗೆ ಅರ್ಥವಾಗಿದೆ ಎಂದು ತಿಳಿಯಿರಿ. ಇಂಗ್ಲಿಷನ್ನು ಚೆನ್ನಾಗಿ ಕಲಿಸಿರಿ ಎಂದು ಶಿಕ್ಷಕರಾದ ನಮ್ಮನ್ನು ಒತ್ತಾಯಿಸುವ ಹಕ್ಕೂ ನಿಮಗಿದೆ. ಸಂಕೋಚ ಬೇಡ, ಶಾಲೆಗೆ ಬಂದು ಕೇಳಿರಿ.

ಕೊನೆಯದಾಗಿ ಒಂದು ಮಾತು. 1956ರಲ್ಲಿ ನಮ್ಮ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಗೋವೆಯಲ್ಲಿರುವ ನಮಗೂ ಅದು ಅನ್ವಯಿಸುತ್ತದೆ. ಆದರೆ ವರ್ಗದಲ್ಲಿ ಮಕ್ಕಳೇ ಇಲ್ಲದಿದ್ದರೆ ಶಿಕ್ಷಕರನ್ನು, ಪುಸ್ತಕಗಳನ್ನು ಯಾವ ಬಾಯಿಂದ ಕೇಳುವುದು? ಇಂಗ್ಲಿಷ್ ಬೇಕು, ಅದನ್ನು ಕಲಿಸೋಣ. ಅದಕ್ಕಾಗಿ ಕನ್ನಡವನ್ನು ಬಿಟ್ಟುಕೊಡುವ ಅಗತ್ಯವಿಲ್ಲ. ಬರುವ ಜೂನಿನಲ್ಲಿ ಮಕ್ಕಳ ಹೆಸರು ಹಚ್ಚುವಾಗ ಇದನ್ನು ದಯವಿಟ್ಟು ವಿಚಾರ ಮಾಡಿರಿ.