ತರಬೇತಿ ಮುಗಿದ ಮೇಲೆ ಯಾರ ಹೊಣೆ?

ಜಿಲ್ಲೆಗಳಿಂದ ಬಂದಿರುವ ಉದ್ಯೋಗಾಧಿಕಾರಿಗಳೇ, ಐಟಿಐ ಪ್ರಾಚಾರ್ಯರೇ, ಕೈಗಾರಿಕಾ ಸಂಘಗಳ ಪ್ರತಿನಿಧಿಗಳೇ, ಕಾರ್ಮಿಕ ಸಂಘಟನೆಗಳ ಗೆಳೆಯರೇ,

ನೀವೆಲ್ಲ ಇಂದು ಒಂದೇ ಸಭಾಂಗಣದಲ್ಲಿ ಕೂತಿದ್ದೀರಿ ಎಂಬುದೇ ನನಗೆ ದೊಡ್ಡ ಸಮಾಧಾನ. ಕೆಲಸ ಹುಡುಕುವ ನಮ್ಮ ಮಕ್ಕಳು ನಿಮ್ಮನ್ನು ಕಾಣುವುದು ಬೇರೆ ಬೇರೆ ಕಚೇರಿಗಳಲ್ಲಿ, ಬೇರೆ ಬೇರೆ ಅರ್ಜಿಗಳೊಂದಿಗೆ.

ತರಬೇತಿಯನ್ನೂ ಕೆಲಸವನ್ನೂ ಜೋಡಿಸುವ ಚಿಂತೆ ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದಾಗ, 1945ರಲ್ಲಿ, ಸೇನೆಯಿಂದ ಮರಳಿದವರಿಗೆ ಕೆಲಸ ಕೊಡಿಸಲೆಂದು ಉದ್ಯೋಗ ವಿನಿಮಯ ಕೇಂದ್ರಗಳ ವ್ಯವಸ್ಥೆ ರೂಪುಗೊಂಡಿತು. ಅದು ಎಲ್ಲರಿಗೂ ತೆರೆದುಕೊಂಡ ಮೇಲೆ, 1952ರಲ್ಲಿ, ಅದನ್ನು ಪರಿಶೀಲಿಸಲು ಒಂದು ಸಮಿತಿ ರಚನೆಯಾಯಿತು. ಅದರ ಅಧ್ಯಕ್ಷರು ನಮ್ಮ ಮಂಗಳೂರಿನ ಬಿ. ಶಿವರಾವ್, ಸಂವಿಧಾನ ಸಭೆಯ ಸದಸ್ಯರಾಗಿದ್ದವರು, ಕಾರ್ಮಿಕ ಚಳವಳಿಯನ್ನು ಒಳಗಿನಿಂದ ಬಲ್ಲವರು. ತರಬೇತಿಯನ್ನೂ ಉದ್ಯೋಗ ಸೇವೆಯನ್ನೂ ಆ ಸಮಿತಿ ಜೊತೆಯಾಗಿಯೇ ನೋಡಿತು. ಅದರ ಶಿಫಾರಸಿನಂತೆ ವಿನಿಮಯ ಕೇಂದ್ರಗಳ ದೈನಂದಿನ ಆಡಳಿತ ರಾಜ್ಯಗಳ ಕೈಗೆ ಬಂದದ್ದು 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ.

ಮುಂದೆ 2015ರಲ್ಲಿ ಕೇಂದ್ರದಲ್ಲಿ ತರಬೇತಿ ಹೊಸ ಕೌಶಲ್ಯ ಸಚಿವಾಲಯಕ್ಕೆ ಹೋಯಿತು, ಉದ್ಯೋಗ ಸೇವೆ ಕಾರ್ಮಿಕ ಸಚಿವಾಲಯದಲ್ಲೇ ಉಳಿಯಿತು. ನಮ್ಮ ರಾಜ್ಯದಲ್ಲಿ ಎರಡೂ ಒಂದೇ ಇಲಾಖೆಯಡಿ ಇವೆ, ಅದು ನಮ್ಮ ಬಲ. ಆದರೂ ನಿರುದ್ಯೋಗ ಭತ್ಯೆ ಕೊಡುವ ಯುವನಿಧಿಗೆ ಸೇವಾ ಸಿಂಧು, ರಾಜ್ಯದ ತರಬೇತಿಗೆ ಕೌಶಲ್ಕರ್, ಕೇಂದ್ರದ ಉದ್ಯೋಗ ಮಾಹಿತಿಗೆ ಎನ್‌ಸಿಎಸ್, ಅಪ್ರೆಂಟಿಸ್ ಆಗಲು ಇನ್ನೊಂದು ಪೋರ್ಟಲ್. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500, ಗರಿಷ್ಠ 2 ವರ್ಷ. ತನಗಿನ್ನೂ ಕೆಲಸ ಸಿಕ್ಕಿಲ್ಲವೆಂದು ಫಲಾನುಭವಿ ಆಗಾಗ ಸ್ವಯಂ ಘೋಷಣೆ ಕೊಡಬೇಕು. ಆ ಘೋಷಣೆ ಹಣ ಮಂಜೂರಾತಿಗಷ್ಟೇ ಬಳಕೆಯಾದರೆ ಸಾಲದು. ಅದು ಅದೇ ದಿನ ಜಿಲ್ಲೆಯ ಉದ್ಯೋಗಾಧಿಕಾರಿಯ ಮೇಜಿಗೂ ಬರಬೇಕು, ಅವರು ಫೋನೆತ್ತಿ ಆ ಫಲಾನುಭವಿಯನ್ನು ಮಾತಾಡಿಸಬೇಕು. ಇದಕ್ಕೆ ಹೊಸ ಯೋಜನೆಯೇನೂ ಬೇಡ.

ಇನ್ನು ಉದ್ಯೋಗದಾತರ ಮಾತು. 1959ರ ಕಾಯ್ದೆ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದಿತು; ಆ ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಿ ಎನ್ನಲಿಲ್ಲ. ಹಾಗೆ ಒತ್ತಾಯಿಸಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಪೀಣ್ಯದ ಸಣ್ಣ ಘಟಕದ ಮಾಲೀಕರು "ಬಂದವರು ನಿಲ್ಲುವುದಿಲ್ಲ" ಎಂದಾಗ ಏಕೆ ನಿಲ್ಲುವುದಿಲ್ಲ ಎಂದು ಕೇಳುವವರು ಬೇಕು. ಕೂಲಿ ಬಾಡಿಗೆಗೂ ಸಾಲದೇ? ಎರಡನೇ ಪಾಳಿ ಬಿಟ್ಟಾಗ ಬಸ್ ಇಲ್ಲವೇ? ಹಳ್ಳಿಯಿಂದ ಬಂದ ಹೆಣ್ಣುಮಗಳಿಗೆ ಹಾಸ್ಟೆಲ್ ಎಲ್ಲಿದೆ? ಇವು ಫಿಟ್ಟರ್ ಪಠ್ಯಕ್ರಮದಲ್ಲಿ ಇರುವುದಿಲ್ಲ. ಇವುಗಳಿಗೆ ಉತ್ತರ ಸಿಗದೆ ಎಷ್ಟು ಕಲಿಸಿದರೂ ಆಕೆ ಊರಿಗೆ ಮರಳುತ್ತಾಳೆ, ನಾವು ಅದನ್ನು "ಆಸಕ್ತಿಯ ಕೊರತೆ" ಎಂದು ಬರೆದುಕೊಳ್ಳುತ್ತೇವೆ. ಈ ಬರವಣಿಗೆ ಅನ್ಯಾಯದ್ದು.

ತರಬೇತಿಯ ನಂತರವೂ ಜೊತೆ ನಿಲ್ಲುವುದಕ್ಕೆ ನಮಗೆ ಮಾದರಿ ದೂರವೇನೂ ಇಲ್ಲ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಂದಿಗೆ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗಕ್ಕೆಂದು ಹುಟ್ಟಿದ್ದು. ಆದರೆ ಅದರ ಪದ್ಧತಿ ಎಲ್ಲರಿಗೂ ಸಲ್ಲುತ್ತದೆ: ಕೆಲವೇ ವಾರಗಳ ತರಬೇತಿ, ಬಳಿಕ 2 ವರ್ಷ ಬೆನ್ನ ಹಿಂದೆ ನಿಲ್ಲುವುದು. ದೇಶದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು, ಇದೇ ದಾರಿಯಲ್ಲಿ ನಡೆದಿವೆ. ಕಾರ್ಖಾನೆಯ ಕೆಲಸಕ್ಕೆ ಹೋಗುವವರಿಗೂ ಈ ಬೆಂಬಲ ಸಿಗಲಿ ಎಂಬುದು ನನ್ನ ಆಗ್ರಹ. ಪ್ರಮಾಣಪತ್ರ ಎಷ್ಟು ಹಂಚಿದೆವು ಎಂಬುದಕ್ಕಿಂತ, ಎಷ್ಟು ಮಂದಿ ಕೆಲಸದಲ್ಲಿ ಉಳಿದರು ಎಂಬುದರ ಮೇಲೆ ಹಣ ಬಿಡುಗಡೆಯಾಗಲಿ.

ಮೊದಲ ಗೋಷ್ಠಿಗೆ ಒಂದು ಕೋರಿಕೆ. ಕಳೆದ ವರ್ಷ ನಿಮ್ಮ ಜಿಲ್ಲೆಯಲ್ಲಿ ತರಬೇತಿ ಮುಗಿಸಿದವರು ಆರು ತಿಂಗಳ ಮೇಲೆ ಎಲ್ಲಿದ್ದರು? ಆ ಪಟ್ಟಿ ಯಾವ ಕಚೇರಿಯಲ್ಲಿದೆ, ಅದನ್ನು ಇಟ್ಟುಕೊಳ್ಳಬೇಕಾದ ಅಧಿಕಾರಿ ಯಾರು? ದಯವಿಟ್ಟು ಚರ್ಚೆಯನ್ನು ಅಲ್ಲಿಂದ ಆರಂಭಿಸಿ.