ತಂಡ ಕಟ್ಟುವ ಕಾಲ ಎಷ್ಟು?

(ಶಾಲೆಯ ವಾರ್ಷಿಕ ಕ್ರೀಡಾ ಸಮಾರಂಭದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಸೋತು ನೆಲ ಹಿಡಿದ ತಂಡವೊಂದು ಮತ್ತೆ ತಲೆಯೆತ್ತಬೇಕಾದರೆ ಅದಕ್ಕೆ ಎಷ್ಟು ಕಾಲಾವಕಾಶ ಕೊಡಬೇಕು? ಹಾಕಿ ಆಟದ ಅಭಿಮಾನಿಗಳು ನಾಲ್ವರು ಕೂಡಿದಲ್ಲಿ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಎರಡು ವರ್ಷ ಸಾಕು, ಅಷ್ಟರಲ್ಲಿ ಪದಕ ಬಾರದಿದ್ದರೆ ತರಬೇತುದಾರನನ್ನು ಮನೆಗೆ ಕಳುಹಿಸತಕ್ಕದ್ದು ಎನ್ನುವವರು ಒಂದು ಪಕ್ಷ. ಎಂಟು ವರ್ಷವಾದರೂ ತಾಳಬೇಕು, ನೆಟ್ಟ ಸಸಿಯ ಬೇರನ್ನು ದಿನಾಲು ಕಿತ್ತು ನೋಡಬಾರದು ಎನ್ನುವವರು ಇನ್ನೊಂದು ಪಕ್ಷ. ಎರಡೂ ಪಕ್ಷದವರು ದೇಶಾಭಿಮಾನಿಗಳೇ. ಎರಡೂ ಪಕ್ಷದವರ ದನಿ ಏರುವುದೂ ಅಷ್ಟೇ ಬೇಗ.

ಕುಸ್ತಿಯ ಸೀಮೆಯಾದ ಶಿರೋಳದಲ್ಲಿ ಹಾಕಿಯ ಮಾತೇಕೆ ಎಂದು ತಾವು ಕೇಳಬಹುದು. ಕೊಲ್ಲಾಪುರ ಪೇಟೆಗೆ ಹೋದರೂ ಹುಡುಗರ ಕಾಲಲ್ಲಿ ಫುಟ್‌ಬಾಲ್ ಇರುವುದೇ ಹೊರತು ಕೈಯಲ್ಲಿ ಹಾಕಿ ಕೋಲು ಇರುವುದು ಕಡಿಮೆ. ಆದರೆ ನಮ್ಮ ನೆರೆಯ ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಲಘು ಪದಾತಿ ದಳದ ಯೋಧ ಶಂಕರ ಲಕ್ಷ್ಮಣರು ೧೯೫೬, ೧೯೬೦ ಮತ್ತು ೧೯೬೪ರ ಮೂರು ಒಲಿಂಪಿಕ್ ಕೂಟಗಳಲ್ಲಿ ಭಾರತದ ಗೋಲು ಕಾಯ್ದರು. ಎರಡು ಚಿನ್ನ, ಒಂದು ಬೆಳ್ಳಿ ತಂದರು. ಮೇಲಾಗಿ, ಬೀಳುವುದು ಹೇಗೆ, ಬಿದ್ದು ಏಳುವುದು ಹೇಗೆ ಎಂಬುದನ್ನು ನಮ್ಮ ಹಾಕಿಯಷ್ಟು ವಿಸ್ತಾರವಾಗಿ ತೋರಿಸಿದ ಆಟ ನಮ್ಮ ದೇಶದಲ್ಲಿ ಬೇರೊಂದಿಲ್ಲ.

೧೯೨೮ರಿಂದ ೧೯೫೬ರವರೆಗೆ ಸತತವಾಗಿ ಆರು ಒಲಿಂಪಿಕ್ ಚಿನ್ನ ಗೆದ್ದ ರಾಷ್ಟ್ರ ನಮ್ಮದು. ೧೯೭೫ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು ೨-೧ರಿಂದ ಸೋಲಿಸಿ ವಿಶ್ವಕಪ್ಪನ್ನೂ ತಂದೆವು. ಆ ತಂಡದಲ್ಲಿ ಕೊಡಗಿನ ಬಿ. ಪಿ. ಗೋವಿಂದರಿದ್ದರು. ಮರುವರ್ಷವೇ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲುಹಾಸಿನ ಮೇಲೆ ಆಡಿಸಿದರು. ನಮಗೆ ದೊರೆತುದು ಏಳನೆಯ ಸ್ಥಾನ. ಹುಲ್ಲು ನೆಲದಲ್ಲಿ ಚೆಂಡು ಕುಪ್ಪಳಿಸುತ್ತ ಬರುತ್ತದೆ. ಅದನ್ನು ಕೋಲಿನಲ್ಲಿ ಹಿಡಿದು ನಿಲ್ಲಿಸುವುದೇ ಒಂದು ವಿದ್ಯೆ, ಆ ವಿದ್ಯೆಯಲ್ಲಿ ನಮ್ಮವರು ಪಾರಂಗತರು. ಕೃತಕ ಹಾಸಿನ ಮೇಲೆ ಚೆಂಡು ಸಮನಾಗಿ, ಶೀಘ್ರವಾಗಿ ಓಡುತ್ತದೆ. ಅಲ್ಲಿ ದಮ್ಮು ಬೇಕು, ಕಾಲ್ಬಲ ಬೇಕು, ದೂರದಿಂದಲೇ ಚೆಂಡನ್ನು ಗುರಿಯಿಟ್ಟು ಸಾಗಿಸುವ ಕೂಡಾಟ ಬೇಕು. ಯುರೋಪಿನವರಿಗೂ ಆಸ್ಟ್ರೇಲಿಯದವರಿಗೂ ಅಂತಹ ಅಂಗಣಗಳು ಬೇಗ ದೊರೆತವು. ನಮ್ಮ ಹಳ್ಳಿಯ ಹುಡುಗನು ಮಣ್ಣಿನಲ್ಲಿ ಕಲಿತು, ಪ್ರಾಯಕ್ಕೆ ಬಂದ ಮೇಲೆ ಮೊದಲ ಬಾರಿ ಆ ಹಾಸಿನ ಮೇಲೆ ಕಾಲಿಡಬೇಕಾಯಿತು.

ಇಲ್ಲಿ ಒಂದು ವಿಚಿತ್ರವನ್ನು ತಾವು ಗಮನಿಸಬೇಕು. ೧೯೮೦ರಲ್ಲಿ ಮಾಸ್ಕೋದಲ್ಲಿ ನಾವು ಸ್ಪೇನನ್ನು ೪-೩ರಿಂದ ಸೋಲಿಸಿ ಚಿನ್ನ ಗೆದ್ದೆವು. ಗೆದ್ದವರ ಶ್ರಮ ಸುಳ್ಳಲ್ಲ. ಆದರೆ ರಾಜಕೀಯ ಕಾರಣಗಳಿಂದ ಹಲವು ಬಲಿಷ್ಠ ರಾಷ್ಟ್ರಗಳು ಆ ಕೂಟಕ್ಕೆ ಬಂದಿರಲಿಲ್ಲ. ಆ ಚಿನ್ನದ ಹೊಳಪಿನಲ್ಲಿ ಮಾಂಟ್ರಿಯಲ್‌ನ ಏಳನೆಯ ಸ್ಥಾನ ಮರೆತುಹೋಯಿತು. ರೋಗ ಒಳಗಿರುವಾಗ ಜ್ವರ ಒಂದು ದಿನ ಇಳಿದರೆ ಮನೆಯವರು ವೈದ್ಯರನ್ನು ಮರೆಯುವುದಿಲ್ಲವೇ, ಹಾಗಾಯಿತು. ಆರು ವರ್ಷಗಳ ನಂತರ, ೧೯೮೬ರ ಲಂಡನ್ ವಿಶ್ವಕಪ್ಪಿನಲ್ಲಿ ಹನ್ನೆರಡು ತಂಡಗಳಲ್ಲಿ ನಾವು ಹನ್ನೆರಡನೆಯವರು. ಮಾಸ್ಕೋದ ಚಿನ್ನದ ತಂಡದಲ್ಲಿದ್ದ ಕೊಡಗಿನ ಎಂ. ಎಂ. ಸೋಮಯ್ಯನವರೇ ೧೯೮೮ರಲ್ಲಿ ಸಿಯೋಲ್‌ಗೆ ನಾಯಕರಾಗಿ ಹೋದರು, ಸ್ಥಾನ ಆರನೆಯದು. ಮುಂದೆ ಏಳು, ಎಂಟು, ಮತ್ತೆ ಏಳು, ಮತ್ತೆ ಏಳು. ೨೦೦೮ರ ಮಾರ್ಚಿನಲ್ಲಿ ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಬ್ರಿಟನ್ನಿಗೆ ೦-೨ರಿಂದ ಸೋತು, ೧೯೨೮ರಿಂದ ಆಡುತ್ತ ಬಂದ ನಾವು ಮೊದಲ ಬಾರಿಗೆ ಒಲಿಂಪಿಕ್ ಹಾಕಿಯ ಬಾಗಿಲ ಹೊರಗೆ ನಿಂತೆವು. ೨೦೧೨ರಲ್ಲಿ ಲಂಡನ್‌ಗೆ ಹೋದೆವು. ಆಡಿದ ಆರೂ ಪಂದ್ಯಗಳನ್ನು ಸೋತು ಕಡೆಯವರಾಗಿ ಮರಳಿದೆವು.

೧೯೮೦ರಿಂದ ೨೦೦೮ರವರೆಗಿನ ಇಪ್ಪತ್ತೆಂಟು ವರ್ಷಗಳಲ್ಲಿ ಅಭಿಮಾನಿಗಳಿಗೆ ತಾಳ್ಮೆ ಇರಲಿಲ್ಲವೆಂದು ಯಾರೂ ಹೇಳಲಾರರು. ಪ್ರತಿ ಕೂಟ ಮುಗಿದಾಗಲೂ ಮುಂದಿನ ಬಾರಿ ನೋಡೋಣ ಎಂದರು. ಆದ್ದರಿಂದ ಕಾಯಬೇಕು ಎನ್ನುವ ಪಕ್ಷದವರೊಡನೆ ನಾನು ಪೂರ್ತಿಯಾಗಿ ಸೇರಲಾರೆ. ಏನೂ ನಡೆಯದಿರುವಾಗ ಕಾಯುವುದು ತಾಳ್ಮೆಯಲ್ಲ. ಅದು ಬಸ್ಸು ನಿಂತುಹೋದ ದಾರಿಯಲ್ಲಿ ಬಸ್ಸಿಗಾಗಿ ಕುಳಿತಂತೆ.

ಬೇಗ ಬದಲಿಸಿರಿ ಎನ್ನುವವರ ಉಪಾಯವನ್ನೂ ದೇಶ ಪರೀಕ್ಷಿಸಿ ನೋಡಿದೆ. ೨೦೦೯ರಲ್ಲಿ ಸ್ಪೇನಿನ ಹೊಸೆ ಬ್ರಾಸಾ ಬಂದರು. ೨೦೧೧ರಲ್ಲಿ ಆಸ್ಟ್ರೇಲಿಯದ ಮೈಕೆಲ್ ನಾಬ್ಸ್, ೨೦೧೩ರಲ್ಲಿ ಅದೇ ದೇಶದ ಟೆರಿ ವಾಲ್ಷ್, ೨೦೧೫ರಲ್ಲಿ ಹಾಲೆಂಡಿನ ಪಾಲ್ ವಾನ್ ಆಸ್, ಅದೇ ವರ್ಷ ಅದೇ ದೇಶದ ರೋಲಂಟ್ ಓಲ್ಟ್‌ಮನ್ಸ್, ೨೦೧೭ರಲ್ಲಿ ಶೂರ್ಡ್ ಮರೈನ್, ೨೦೧೮ರಲ್ಲಿ ನಮ್ಮವರೇ ಆದ ಹರೇಂದ್ರ ಸಿಂಗ್, ೨೦೧೯ರಲ್ಲಿ ಗ್ರಹಾಂ ರೀಡ್. ರೀಡರಿಗಿಂತ ಮುಂಚಿನ ಏಳು ಮಂದಿಗೆ ಸರಾಸರಿ ಒಂದೂವರೆ ವರ್ಷವೂ ದಕ್ಕಲಿಲ್ಲ. ಸೋತವರಷ್ಟೇ ಹೋದರೆಂದು ತಿಳಿಯಬೇಡಿರಿ. ವಾಲ್ಷರು ೨೦೧೪ರ ಏಷ್ಯನ್ ಕೂಟದಲ್ಲಿ ಚಿನ್ನ ಗೆಲ್ಲಿಸಿ ಕೆಲವೇ ವಾರಗಳಲ್ಲಿ ಹೊರನಡೆದರು.

ಇಲ್ಲಿ ಕುಳಿತ ಪಾಲಕರಲ್ಲಿ ಬಹುಮಂದಿ ಒಕ್ಕಲುತನದವರು. ಕಬ್ಬಿಗೆ ನೀರು ಹೆಚ್ಚಾಗಿ ಹೊಲ ಸವುಳಾದಾಗ ತಾವು ಏನು ಮಾಡುತ್ತೀರಿ? ಬೀಜ ಬದಲಿಸುವವನು ಬದಲಿಸುತ್ತಲೇ ಇರುತ್ತಾನೆ; ಗೊಬ್ಬರ ಹೆಚ್ಚಿಸುವವನು ಹೆಚ್ಚಿಸುತ್ತಲೇ ಇರುತ್ತಾನೆ; ಬೆಳೆ ಮಾತ್ರ ಹಳದಿಯಾಗಿಯೇ ಏಳುತ್ತದೆ. ನೆಲದ ಕೆಳಗೆ ತೂತಿನ ಕೊಳವೆಗಳನ್ನು ಹೂಳಿ, ಉಪ್ಪು ಕರಗಿದ ನೀರನ್ನು ಹೊರಗೆ ಹರಿಯಬಿಟ್ಟ ಹೊಲಗಳು ತಿರುಗಿ ಕಬ್ಬು ಕೊಟ್ಟುದನ್ನು ನಮ್ಮ ತಾಲೂಕಿನಲ್ಲಿಯೇ ಕಂಡಿದ್ದೇವೆ. ಆ ಕೊಳವೆ ಹೂಳಿದ ವರ್ಷ ಮೇಲಿನಿಂದ ನೋಡುವವನಿಗೆ ಅಗೆದ ಮಣ್ಣಿನ ಹೊರತು ಬೇರೇನೂ ಕಾಣಿಸುವುದಿಲ್ಲ. ಹೊಲದ ಒಡೆಯ ಮಾತ್ರ ಬದುವಿನ ಮೇಲೆ ನಿಂತು, ಕೊಳವೆಯ ಬಾಯಿಂದ ನೀರು ಬರುತ್ತಿದೆಯೇ ಇಲ್ಲವೇ ಎಂದು ನೋಡುತ್ತಾನೆ.

ನಮ್ಮ ಹಾಕಿಯಲ್ಲಿ ಆ ನೀರು ಎಲ್ಲಿ ಹರಿಯತೊಡಗಿತು? ೨೦೧೬ರ ಡಿಸೆಂಬರಿನಲ್ಲಿ ಲಖನೌದಲ್ಲಿ ನಮ್ಮ ಕಿರಿಯರು ಬೆಲ್ಜಿಯಂ ತಂಡವನ್ನು ೨-೧ರಿಂದ ಸೋಲಿಸಿ ಕಿರಿಯರ ವಿಶ್ವಕಪ್ ಗೆದ್ದರು. ಆ ಹುಡುಗರಲ್ಲಿ ಹರ್ಮನ್‌ಪ್ರೀತ್ ಸಿಂಗ್, ವರುಣ್ ಕುಮಾರ್, ಸುಮಿತ್, ನೀಲಕಂಠ ಶರ್ಮಾ, ಗುರ್ಜಂತ್ ಸಿಂಗ್, ಸಿಮ್ರನ್‌ಜೀತ್ ಸಿಂಗ್ ಮೊದಲಾದವರು ಐದು ವರ್ಷಗಳ ತರುವಾಯ ಟೋಕಿಯೋದಲ್ಲಿ ಹಿರಿಯರ ತಂಡದಲ್ಲಿದ್ದರು. ಮೇಲೆ ತರಬೇತುದಾರರು ಬಂದು ಹೋದರೂ ಕೆಳಗೆ ಈ ಹುಡುಗರು ಒಟ್ಟಿಗೆ ಬೆಳೆದರು. ಕಿರಿಯರ ಕಪ್ಪು ಬಂದರೆ ಸಾಕು, ಮುಂದಿನದು ತಾನಾಗಿ ಬರುವುದೆಂದೂ ಭ್ರಮಿಸಬಾರದು. ೨೦೦೧ರಲ್ಲಿ ಹೋಬಾರ್ಟಿನಲ್ಲಿ ಅರ್ಜೆಂಟೀನವನ್ನು ೬-೧ರಿಂದ ಬಗ್ಗುಬಡಿದು ಅದೇ ಕಪ್ಪನ್ನು ಗೆದ್ದಿದ್ದೆವು. ಏಳು ವರ್ಷಗಳಲ್ಲಿ ಸ್ಯಾಂಟಿಯಾಗೋ ಬಂದಿತು. ಮೊಳಕೆಯೊಡೆದುದನ್ನು ಕಾಯುವವರು ಬೇಕು. ೨೦೧೮ರಿಂದ ಒಡಿಶಾ ಸರಕಾರವು ರಾಷ್ಟ್ರೀಯ ತಂಡಗಳಿಗೆ ಆಶ್ರಯದಾತನಾಗಿ ನಿಂತುದಲ್ಲದೆ, ಹಾಕಿಯ ತವರಾದ ಸುಂದರಗಡ ಜಿಲ್ಲೆಯಲ್ಲಿ ತಾಲೂಕು ಮಟ್ಟಕ್ಕೆ ಕೃತಕ ಹಾಸಿನ ಅಂಗಣಗಳನ್ನು ಒಯ್ಯುವ ಕೆಲಸ ಹಿಡಿಯಿತು. ಕೊಡಗಿನಲ್ಲಿ ಸರಕಾರದ ದಾರಿ ಕಾಯದೆ, ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಮನೆತನಗಳ ನಡುವೆ ಹಾಕಿ ಹಬ್ಬವನ್ನು ಆರಂಭಿಸಿದರು. ಅಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವುದುಂಟು. ಅರವತ್ತು ಮನೆತನಗಳಿಂದ ಮೊದಲಾದ ಆ ಹಬ್ಬ ೨೦೨೪ರಲ್ಲಿ ನಾಪೋಕ್ಲುವಿನಲ್ಲಿ ೩೬೦ ತಂಡಗಳಿಗೆ ಮುಟ್ಟಿತು.

ಬೆಲ್ಜಿಯಂ ಎಂದೆನಲ್ಲ, ಆ ಪುಟ್ಟ ರಾಷ್ಟ್ರದ ಲೆಕ್ಕವನ್ನೂ ಕೇಳಿರಿ. ಜನಸಂಖ್ಯೆ ಕೋಟಿಗಿಂತ ಸ್ವಲ್ಪವೇ ಹೆಚ್ಚು. ೧೯೭೬ರ ತರುವಾಯ ೨೦೦೮ರವರೆಗೆ ಅವರ ಪುರುಷರ ತಂಡ ಒಲಿಂಪಿಕ್ ಅಂಗಣವನ್ನೇ ಕಾಣಲಿಲ್ಲ. ೨೦೦೮ರಲ್ಲಿ ಒಂಬತ್ತನೆಯ ಸ್ಥಾನ, ೨೦೧೨ರಲ್ಲಿ ಐದನೆಯದು, ೨೦೧೬ರಲ್ಲಿ ಬೆಳ್ಳಿ, ೨೦೧೮ರಲ್ಲಿ ವಿಶ್ವಕಪ್, ೨೦೨೧ರಲ್ಲಿ ಚಿನ್ನ. ಮೆಟ್ಟಿಲು ಒಂದೊಂದಾಗಿ ಏರಿದುದು ಕಣ್ಣಿಗೆ ಕಾಣುವಂತಿದೆ.

೨೦೨೧ರ ಜುಲೈ ತಿಂಗಳನ್ನು ಶಿರೋಳದವರು ಮರೆತಿರಲಾರರು. ಕೃಷ್ಣೆ, ಪಂಚಗಂಗೆಗಳು ಉಕ್ಕಿ ನರಸೋಬಾವಾಡಿ, ಕುರುಂದವಾಡದ ಕಡೆ ಮನೆಗಳು ನೀರಿನಲ್ಲಿದ್ದ ದಿನಗಳವು. ಆ ೨೫ನೆಯ ತಾರೀಖಿನಂದೇ ಟೋಕಿಯೋದಲ್ಲಿ ಆಸ್ಟ್ರೇಲಿಯವು ನಮ್ಮ ತಂಡವನ್ನು ೭-೧ರಿಂದ ಮಣ್ಣುಮುಕ್ಕಿಸಿತು. ಎರಡು ವರ್ಷದ ಪಕ್ಷದವರಿಗೆ ಅಂದು ಸುಗ್ಗಿ; ತಂಡವನ್ನೇ ವಿಸರ್ಜಿಸಿರಿ ಎಂದವರೂ ಉಂಟು. ಹನ್ನೊಂದು ದಿನ ಕಳೆಯಿತು. ಆಗಸ್ಟ್ ೫ರ ಮುಂಜಾನೆ, ಮನೆಯೊಳಗಿನ ರಾಡಿಯನ್ನು ಬಳಿದು ಹೊರಹಾಕುತ್ತಿದ್ದ ಜನ ಕೆಲಸ ನಿಲ್ಲಿಸಿ, ಯಾರದೋ ಮೊಬೈಲಿನ ಸುತ್ತ ನಿಂತಿದ್ದರು. ಜರ್ಮನಿಗೆ ೧-೩ರಿಂದ ಹಿಂದೆ ಬಿದ್ದಿದ್ದ ನಮ್ಮವರು ೫-೪ಕ್ಕೆ ಏರಿದರು. ಕೊನೆಯ ಕ್ಷಣದಲ್ಲಿ ಜರ್ಮನರಿಗೆ ದೊರೆತ ಪೆನಾಲ್ಟಿ ಕಾರ್ನರನ್ನು ಕೇರಳದ ಶ್ರೀಜೇಶ್ ತಡೆದರು. ನಲವತ್ತೊಂದು ವರ್ಷಗಳ ತರುವಾಯ ಕಂಚು. ಅದೇ ಶ್ರೀಜೇಶ್ ೨೦೧೨ರಲ್ಲಿ ಹನ್ನೆರಡನೆಯ ಸ್ಥಾನ ಪಡೆದ ತಂಡದಲ್ಲಿಯೂ ಇದ್ದರು, ೨೦೨೪ರಲ್ಲಿ ಪ್ಯಾರಿಸ್‌ನಲ್ಲಿ ಎರಡನೆಯ ಕಂಚು ಗೆದ್ದ ತಂಡದಲ್ಲಿಯೂ ಇದ್ದರು. ಎಷ್ಟು ವರ್ಷ ಬೇಕಾಯಿತೆಂಬ ಲೆಕ್ಕವನ್ನು ಲಂಡನ್‌ನಿಂದ ಹಿಡಿದರೆ ಒಂಬತ್ತು, ಸ್ಯಾಂಟಿಯಾಗೋದಿಂದ ಹಿಡಿದರೆ ಹದಿಮೂರು, ಮಾಂಟ್ರಿಯಲ್‌ನಿಂದ ಹಿಡಿದರೆ ನಲವತ್ತೈದು. ವಾದಿಸುವವರು ತಮತಮಗೆ ಬೇಕಾದಲ್ಲಿಂದ ಎಣಿಸುತ್ತಾರೆ. ಅದಕ್ಕೇ ಆ ವಾದ ಮುಗಿಯುವುದಿಲ್ಲ.

ಈ ಸಂತೋಷದಲ್ಲಿ ನನಗೆ ಒಬ್ಬರ ನೆನಪು ಬಹಳ ಬರುತ್ತದೆ. ಕೊಡಗಿನ ಸೋಮವಾರಪೇಟೆಯ ಎಸ್. ವಿ. ಸುನಿಲ್ ೨೦೦೭ರಲ್ಲಿ ರಾಷ್ಟ್ರೀಯ ತಂಡಕ್ಕೆ ಬಂದರು. ೨೬೪ ಪಂದ್ಯಗಳನ್ನು ಆಡಿ ೭೨ ಗೋಲು ಹೊಡೆದರು. ಲಂಡನ್‌ನ ಅವಮಾನವನ್ನು ಉಂಡರು, ರಿಯೋದ ಎಂಟನೆಯ ಸ್ಥಾನವನ್ನೂ ಕಂಡರು. ಟೋಕಿಯೋದ ತಂಡದಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ನಿವೃತ್ತರಾದರು. ಲಖನೌದಲ್ಲಿ ಕಿರಿಯರ ಕಪ್ಪನ್ನು ಎತ್ತಿ ಹಿಡಿದ ನಾಯಕ ಹರ್ಜೀತ್ ಸಿಂಗರೂ ಟೋಕಿಯೋಗೆ ಹೋಗಲಿಲ್ಲ. ನೋಡುವ ನಮಗೆ ಹತ್ತು ವರ್ಷವೆಂದರೆ ಹತ್ತು ವರ್ಷ. ಆಡುವವನಿಗೆ ಅದು ಆಟದ ಆಯುಷ್ಯವೆಲ್ಲ. ಇನ್ನೂ ಎಂಟು ವರ್ಷ ಕಾಯೋಣ ಎಂದು ಸುಲಭವಾಗಿ ನುಡಿಯುವವರು, ಆ ಎಂಟು ವರ್ಷ ಯಾರ ಜೇಬಿನಿಂದ ಹೋಗುತ್ತದೆಂದು ಯೋಚಿಸಬೇಕು.

ಇನ್ನು ನಮ್ಮ ಮನೆಯ ಮಾತು. ನಮ್ಮ ಶಾಲೆಯ ಖೋಖೋ ತಂಡ ಮೂರು ವರ್ಷ ಸತತವಾಗಿ ತಾಲೂಕು ಪಂದ್ಯದ ಮೊದಲ ಸುತ್ತಿನಲ್ಲಿಯೇ ಸೋತಿರುವುದು ತಮಗೆಲ್ಲ ತಿಳಿದಿದೆ. ಕಳೆದ ಪಾಲಕರ ಸಭೆಯಲ್ಲಿ ಕೆಲವರು, ಆಟದ ತಾಸನ್ನು ತೆಗೆದು ಶಿಷ್ಯವೃತ್ತಿ ಪರೀಕ್ಷೆಯ ಅಭ್ಯಾಸಕ್ಕೆ ಕೊಡಿರಿ ಎಂದರು. ಇನ್ನು ಕೆಲವರು, ಆಟದ ಶಿಕ್ಷಕರನ್ನು ಬದಲಿಸಿರಿ ಎಂದರು. ಬರುವ ಜೂನ್ ತಿಂಗಳಲ್ಲಿ ವಿಶ್ವಸ್ತ ಮಂಡಳವು ಇದನ್ನು ನಿರ್ಣಯಿಸಲಿದೆ. ಪರೀಕ್ಷೆಯ ಚಿಂತೆಯಿಂದ ಮಾತಾಡಿದ ಪಾಲಕರನ್ನು ನಾನು ಹಗುರಾಗಿ ಕಾಣುವುದಿಲ್ಲ. ಗಡಿಯ ಕನ್ನಡ ಶಾಲೆಯ ಮಗು ಎರಡು ಭಾಷೆಗಳ ಭಾರವನ್ನು ಹೊತ್ತು, ಆ ಮೇಲೆ ಇಂಗ್ಲೀಷನ್ನೂ ಹೊರಬೇಕು. ಅದರ ಒಂದು ತಾಸಿಗೂ ಬೆಲೆಯುಂಟು.

ಆದರೆ ನಡೆದಿರುವುದನ್ನು ನೋಡಿರಿ. ಪಂದ್ಯಕ್ಕೆ ಹದಿನೈದು ದಿನ ಇರುವಾಗ ಎಂಟನೆಯ, ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ಕೂಡಿಸಿ ತಂಡವೆನ್ನುವುದು ಇಲ್ಲಿಯ ಹಳೆಯ ರೂಢಿ. ನಮ್ಮನ್ನು ಸೋಲಿಸಿದ ಶಾಲೆಗಳಲ್ಲಿ ಐದನೆಯ ಇಯತ್ತೆಯ ಮಗುವೇ ಕಂಬದ ಸುತ್ತ ತಿರುಗಲು ಕಲಿಯುತ್ತದೆ. ನಮ್ಮದೇ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ೨೦೦೯ರಲ್ಲಿ ರಾಜ್ಯದ ಕ್ರೀಡಾ ಪ್ರಬೋಧಿನಿಗೆ ಸೇರಿ, ೨೦೨೪ರ ಆಗಸ್ಟ್ ೧ರಂದು ಪ್ಯಾರಿಸ್‌ನಲ್ಲಿ ಬಂದೂಕಿನ ಗುರಿಯಲ್ಲಿ ಕಂಚು ಗೆದ್ದರು. ಹದಿನೈದು ವರ್ಷ ಅವರ ತಂದೆ ತಾಯಿಗಳು ಏನನ್ನು ನೋಡಿ ಧೈರ್ಯ ತಂದುಕೊಂಡರೋ, ಅದನ್ನು ನಾವೂ ನೋಡಲು ಕಲಿಯಬೇಕಾಗಿದೆ.

ಆದ್ದರಿಂದ ಜೂನ್ ತಿಂಗಳ ಸಭೆಗೆ ನಾನು ಕಪ್ಪು, ಢಾಲುಗಳ ಮಾತನ್ನು ತರುವುದಿಲ್ಲ. ಒಂದು ಹಾಜರಿ ಪುಸ್ತಕವನ್ನು ತರುವೆನು. ಐದು, ಆರನೆಯ ಇಯತ್ತೆಗಳಿಂದ ಎಷ್ಟು ಮಕ್ಕಳು ಬೆಳಿಗ್ಗೆ ಬಂದರು, ಚಳಿಯ ದಿನಗಳಲ್ಲಿ ಅವರಲ್ಲಿ ಎಷ್ಟು ಮಂದಿ ಉಳಿದರು, ಹೆಣ್ಣುಮಕ್ಕಳೆಷ್ಟು, ಯಾರ ಓಟ ಎಷ್ಟು ಸುಧಾರಿಸಿತು ಎಂಬುದು ಅದರಲ್ಲಿರುವುದು. ಆ ಪುಸ್ತಕದ ಪುಟಗಳು ಬರಿದಾಗಿದ್ದರೆ, ತಾಸನ್ನು ತೆಗೆಯಿರಿ ಎಂದ ಪಾಲಕರ ಮಾತೇ ನಿಜ. ಆಗ ಎರಡನೆಯ ವರ್ಷವನ್ನು ನಾನು ಬೇಡುವುದಿಲ್ಲ. ಪುಟಗಳು ತುಂಬಿದ್ದರೆ, ಪಂದ್ಯದಲ್ಲಿ ಮತ್ತೊಮ್ಮೆ ಸೋತರೂ ಮುಂದುವರಿಸಲು ಅನುಮತಿ ಕೇಳುವೆನು.

ಹತ್ತನೆಯ ಇಯತ್ತೆಯ ಮಕ್ಕಳೇ, ಮೂರು ಸಲ ಸೋತವರು ನೀವು. ಈ ಸಣ್ಣವರು ಎಂದಾದರೂ ಗೆದ್ದರೆ ಆ ಚಿತ್ರದಲ್ಲಿ ನೀವು ಇರುವುದಿಲ್ಲ. ಇದನ್ನು ತಿಳಿದೂ ನಿಮ್ಮಲ್ಲಿ ಏಳು ಜನ ಶನಿವಾರ ಬೆಳಿಗ್ಗೆ ಬಂದು ಅವರಿಗೆ ಕಲಿಸಲು ಒಪ್ಪಿದ್ದೀರಿ. ಕಂಬಗಳು ಹುಗಿದಾಗಿವೆ, ಗೆರೆ ಹಾಕುವ ಸುಣ್ಣವನ್ನು ಒಬ್ಬ ಪಾಲಕರು ಕೊಟ್ಟಿರುವರು. ಬೆಳಿಗ್ಗೆ ಆರೂವರೆಗೆ ಗೇಟು ತೆರೆದಿರುತ್ತದೆ. ಮಕ್ಕಳನ್ನು ಏನಾದರೂ ತಿನ್ನಿಸಿ ಕಳುಹಿಸಬೇಕೆಂದು ತಾಯಂದಿರಲ್ಲಿ ವಿನಂತಿ.